ಕಾಣದ ಆವಿ ಮತ್ತು ಒಂದು ಸಣ್ಣ ಕವಾಟ: ಪೆಟ್ರೋಲ್ ವಾಹನಗಳ ಪರ್ಜ್ ವಾಲ್ವ್ ಪರೀಕ್ಷೆ ಹಾಗೂ ಬದಲಾವಣೆ

ನಗರಗಳ ವಾಯುಮಾಲಿನ್ಯದ ಮಾತು ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ನಿಲ್ಲುವುದು ವಾಹನಗಳ ಹಿಂಬದಿಯಿಂದ ಹೊರಬೀಳುವ ಹೊಗೆ. ಹೊಗೆ ಕಣ್ಣಿಗೆ ಕಾಣುತ್ತದೆ. ಆದುದರಿಂದ ಅದರ ವಿಷಯದಲ್ಲಿ ಜನರಲ್ಲಿ ತಕ್ಕಮಟ್ಟಿನ ಎಚ್ಚರಿಕೆಯೂ ಮೂಡಿದೆ. ಆದರೆ ಪೆಟ್ರೋಲ್ ವಾಹನವೊಂದು ಇಂಜಿನ್ ನಿಲ್ಲಿಸಿಕೊಂಡು ಮನೆಯ ಮುಂದೆ ಬಿಸಿಲಿನಲ್ಲಿ ಸುಮ್ಮನೆ ನಿಂತಿರುವಾಗಲೂ ಗಾಳಿಯನ್ನು ಕೆಡಿಸಬಲ್ಲದು ಎಂಬ ಸಂಗತಿ ಬಹುಮಂದಿಗೆ ತಿಳಿದಿಲ್ಲ. ಟ್ಯಾಂಕಿನೊಳಗಿನ ಪೆಟ್ರೋಲು ಹಗಲಿನ ಶಾಖಕ್ಕೆ ಆವಿಯಾಗುತ್ತಲೇ ಇರುತ್ತದೆ. ಆ ಆವಿ ಹೊರಗೆ ಹೋಗದಂತೆ ಹಿಡಿದಿಟ್ಟು, ಬಳಿಕ ಇಂಜಿನ್ನಿನಲ್ಲಿಯೇ ಸುಟ್ಟುಹಾಕುವ ವ್ಯವಸ್ಥೆಯೊಂದು ಇಂದಿನ ಪ್ರತಿಯೊಂದು ಪೆಟ್ರೋಲ್ ಕಾರಿನಲ್ಲಿಯೂ ಇದೆ. ಆ ವ್ಯವಸ್ಥೆಯ ಬಾಗಿಲಿನಂತಿರುವುದು ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಕವಾಟ. ಗ್ಯಾರೇಜುಗಳಲ್ಲಿ ಅದನ್ನು ಪರ್ಜ್ ವಾಲ್ವ್ ಎಂದು ಕರೆಯುತ್ತಾರೆ.

ಈ ಕವಾಟ ಕೆಟ್ಟರೆ ಆಗುವುದೇನು, ಕೆಟ್ಟಿದೆಯೆಂದು ತಿಳಿಯುವುದು ಹೇಗೆ, ಅದನ್ನು ಬದಲಾಯಿಸುವ ಕ್ರಮವೇನು ಎಂಬುದನ್ನು ಪ್ರಸ್ತುತ ಪಾಠದಲ್ಲಿ ವಿವರಿಸಲಾಗಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿನ ಗ್ಯಾರೇಜಿನವರೊಡನೆ ಬೇರೆ ಬೇರೆ ಭಾಷೆಗಳಲ್ಲಿ ವ್ಯವಹರಿಸಬೇಕಾಗುತ್ತದೆ. ಬಿಡಿಭಾಗಗಳ ಇಂಗ್ಲಿಷ್ ಹೆಸರುಗಳಾದರೋ ಎಲ್ಲೆಡೆ ಒಂದೇ. ಈ ಕಾರಣದಿಂದ ಅವುಗಳನ್ನು ಇಲ್ಲಿ ಬಳಕೆಯಲ್ಲಿರುವಂತೆಯೇ ಉಳಿಸಿಕೊಳ್ಳಲಾಗಿದೆ.

ಪೆಟ್ರೋಲ್ ಆವಿಯಿಂದ ಆಗುವ ಹಾನಿ

ಪೆಟ್ರೋಲು ಅನೇಕ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅವುಗಳಲ್ಲಿ ಬೆಂಜೀನ್ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ನಿಸ್ಸಂದೇಹವಾಗಿ ವರ್ಗೀಕರಿಸಿದೆ. ಈ ಕಾರಣದಿಂದಲೇ ನಮ್ಮ ದೇಶದಲ್ಲಿ ಮಾರಾಟವಾಗುವ ಪೆಟ್ರೋಲಿನಲ್ಲಿ ಬೆಂಜೀನಿನ ಪ್ರಮಾಣ ಶೇಕಡಾ 1ನ್ನು ಮೀರಕೂಡದೆಂದು ವಿಧಿಸಲಾಗಿದೆ. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ವಾಯುಗುಣಮಟ್ಟದ ಮಾನಕಗಳ ಪ್ರಕಾರ, ನಾವು ಉಸಿರಾಡುವ ಗಾಳಿಯಲ್ಲಿ ಬೆಂಜೀನಿನ ವಾರ್ಷಿಕ ಸರಾಸರಿಯು ಘನ ಮೀಟರಿಗೆ 5 ಮೈಕ್ರೋಗ್ರಾಮ್‌ನ ಒಳಗಿರಬೇಕು.

ಎರಡನೆಯ ಹಾನಿ ಪರೋಕ್ಷವಾದುದು. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು 1940ರ ದಶಕದಲ್ಲಿ ಕಣ್ಣುರಿ ತರುವ ಒಂದು ಬಗೆಯ ಮಬ್ಬು ಕವಿಯತೊಡಗಿತು. ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ರಸಾಯನವಿಜ್ಞಾನಿ ಆರೀ ಹಾಗೆನ್-ಸ್ಮಿತ್ ಅವರು 1950ರ ದಶಕದ ಆರಂಭದಲ್ಲಿ ಇದರ ಮೂಲವನ್ನು ಕಂಡುಹಿಡಿದರು. ಉರಿಯದೆ ಗಾಳಿಗೆ ಸೇರಿದ ಹೈಡ್ರೋಕಾರ್ಬನ್ ಆವಿಯೂ ನೈಟ್ರೋಜನ್ನಿನ ಆಕ್ಸೈಡುಗಳೂ ಬಿಸಿಲಿನಲ್ಲಿ ಪರಸ್ಪರ ವರ್ತಿಸಿದಾಗ ನೆಲಮಟ್ಟದಲ್ಲಿ ಓಜೋನ್ ಉತ್ಪತ್ತಿಯಾಗುತ್ತದೆ ಎಂಬುದೇ ಅವರ ನಿರ್ಣಯ. ವಾಯುಮಂಡಲದ ಮೇಲುಸ್ತರದಲ್ಲಿ ನಮ್ಮನ್ನು ಕಾಪಾಡುವ ಓಜೋನ್, ನೆಲಮಟ್ಟದಲ್ಲಿ ಶ್ವಾಸಕೋಶಗಳನ್ನು ಘಾಸಿಗೊಳಿಸುತ್ತದೆ. ಉಬ್ಬಸದ ರೋಗಿಗಳನ್ನೂ ಮಕ್ಕಳನ್ನೂ ವಿಶೇಷವಾಗಿ ಬಾಧಿಸುತ್ತದೆ. ಬಿಸಿಲು ಹೆಚ್ಚಾದಷ್ಟೂ ಪೆಟ್ರೋಲು ಹೆಚ್ಚು ಆವಿಯಾಗುತ್ತದೆ, ಆ ಆವಿಯನ್ನು ಓಜೋನ್ ಆಗಿ ಮಾರ್ಪಡಿಸುವ ಕ್ರಿಯೆಯೂ ಚುರುಕಾಗುತ್ತದೆ. ಕಡುಬೇಸಗೆಯ ನಮ್ಮ ನಗರಗಳಿಗೆ ಈ ಮಾತು ಎಷ್ಟು ಅನ್ವಯಿಸುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು ಬೆಂಕಿಯ ಅಪಾಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಬಹುಮಹಡಿ ಕಟ್ಟಡಗಳ ನೆಲಮಾಳಿಗೆಯಲ್ಲಿ ವಾಹನ ನಿಲ್ಲಿಸುವ ಕಡೆ ಅದು ಮೇಲೇರಿ ಚದರಿಹೋಗದೆ ನೆಲದ ಮಟ್ಟದಲ್ಲಿಯೇ ಹರಡಿ ನಿಲ್ಲುತ್ತದೆ. ಒಂದು ಕಿಡಿ ಸಾಕು, ಅನಾಹುತವಾಗಲು.

ವ್ಯವಸ್ಥೆಯ ರಚನೆ

ಯಾವ ನಿಯಂತ್ರಣವೂ ಇಲ್ಲದಿದ್ದ ಕಾಲದ ಕಾರುಗಳು ಹೊರಬಿಡುತ್ತಿದ್ದ ಒಟ್ಟು ಹೈಡ್ರೋಕಾರ್ಬನ್‌ನಲ್ಲಿ ಸುಮಾರು ಐದನೆಯ ಒಂದು ಪಾಲು ಟ್ಯಾಂಕು ಮತ್ತು ಕಾರ್ಬ್ಯುರೇಟರುಗಳಿಂದ ಆವಿಯಾಗಿಯೇ ಹೋಗುತ್ತಿತ್ತೆಂದು ವಾಹನ ಎಂಜಿನಿಯರಿಂಗ್ ಪಠ್ಯಗಳು ಹೇಳುತ್ತವೆ. ಕ್ಯಾಲಿಫೋರ್ನಿಯಾ ರಾಜ್ಯವು 1970ರ ಮಾದರಿಯ ಕಾರುಗಳಿಗೂ, ಮರುವರ್ಷ ಅಮೆರಿಕ ದೇಶವಿಡೀ ಹೊಸ ಕಾರುಗಳಿಗೂ ಆವಿ ನಿಯಂತ್ರಣವನ್ನು ಕಡ್ಡಾಯಗೊಳಿಸಿದವು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಯಲ್ಲಿರುವ ಭಾರತ್ ಸ್ಟೇಜ್ 6 ನಿಯಮಗಳ ಪ್ರಕಾರ, ಹೊಸ ಮಾದರಿಯ ಪೆಟ್ರೋಲ್ ಕಾರನ್ನು ಗಾಳಿಯಾಡದಂತೆ ಮುಚ್ಚಿದ ಕೊಠಡಿಯಲ್ಲಿ ನಿಲ್ಲಿಸಿ ಪರೀಕ್ಷಿಸಿದಾಗ ಅದರಿಂದ ಹೊರಬರುವ ಆವಿ ಒಂದು ಪರೀಕ್ಷೆಗೆ 2 ಗ್ರಾಮನ್ನು ಮೀರಕೂಡದು. ದ್ವಿಚಕ್ರ ವಾಹನಗಳಿಗೂ 2017ರ ಭಾರತ್ ಸ್ಟೇಜ್ 4 ಹಂತದಿಂದ ಆವಿ ನಿಯಂತ್ರಣ ಅನ್ವಯವಾಗಿದೆ.

ಈ ಮಿತಿಯನ್ನು ಸಾಧಿಸಲು ನೆರವಾಗುವ ಮುಖ್ಯ ಭಾಗಗಳು ಮೂರು.

ಮೊದಲನೆಯದು ಕ್ಯಾನಿಸ್ಟರ್. ಇದು ಪಟುಗೊಳಿಸಿದ ಇದ್ದಿಲಿನ ಹರಳುಗಳನ್ನು ತುಂಬಿದ ಒಂದು ಡಬ್ಬಿ. ಇದ್ದಿಲಿನ ಮೈಯಲ್ಲಿ ಅಸಂಖ್ಯಾತ ಸೂಕ್ಷ್ಮ ರಂಧ್ರಗಳಿರುವುದರಿಂದ ಟ್ಯಾಂಕಿನಿಂದ ಬಂದ ಆವಿ ಅಲ್ಲಿ ಅಂಟಿಕೊಂಡು ನಿಲ್ಲುತ್ತದೆ. ಎರಡನೆಯದು, ಟ್ಯಾಂಕಿನಿಂದ ಕ್ಯಾನಿಸ್ಟರಿಗೂ ಅಲ್ಲಿಂದ ಇಂಜಿನ್ನಿಗೂ ಆವಿಯನ್ನು ಒಯ್ಯುವ ನಳಿಕೆಗಳು. ಮೂರನೆಯದು, ಕ್ಯಾನಿಸ್ಟರಿಗೂ ಇಂಜಿನ್ನಿನ ಗಾಳಿಕೊಳವೆಗೂ ನಡುವೆ ಇರುವ ಪರ್ಜ್ ವಾಲ್ವ್.

ಪರ್ಜ್ ವಾಲ್ವಿನೊಳಗೆ ಒಂದು ತಂತಿಯ ಸುರುಳಿಯಿದೆ. ವಿದ್ಯುತ್ತು ಹರಿದಾಗ ಅದು ಕಾಂತವಾಗಿ, ಸ್ಪ್ರಿಂಗಿನ ಒತ್ತಡವನ್ನು ಮೀರಿ ಕವಾಟವನ್ನು ತೆರೆಯುತ್ತದೆ. ವಿದ್ಯುತ್ತು ನಿಂತೊಡನೆ ಕವಾಟ ಮುಚ್ಚಿಕೊಳ್ಳುತ್ತದೆ. ಇಂಜಿನ್ ಕಾದು, ಹದವಾಗಿ ಓಡತೊಡಗಿದ ಮೇಲೆ ವಾಹನದ ಗಣಕವು ಈ ಕವಾಟವನ್ನು ಕ್ಷಣಕ್ಷಣಕ್ಕೆ ತೆರೆದು ಮುಚ್ಚುತ್ತದೆ. ಆಗ ಗಾಳಿಕೊಳವೆಯ ನಿರ್ವಾತವು ಹೊರಗಿನ ಗಾಳಿಯನ್ನು ಇದ್ದಿಲಿನ ಮೂಲಕ ಎಳೆದುಕೊಳ್ಳುತ್ತದೆ. ಅಂಟಿಕೊಂಡಿದ್ದ ಆವಿ ಬಿಡುಗಡೆಯಾಗಿ ಇಂಜಿನ್ನಿನಲ್ಲಿ ಉರಿದುಹೋಗುತ್ತದೆ. ಇದ್ದಿಲು ಮತ್ತೆ ಆವಿ ಹಿಡಿಯಲು ಸಿದ್ಧವಾಗುತ್ತದೆ. ವ್ಯರ್ಥವಾಗಬಹುದಾಗಿದ್ದ ಪೆಟ್ರೋಲು ಈ ರೀತಿಯಾಗಿ ಮಾಲೀಕನ ಉಪಯೋಗಕ್ಕೇ ಬರುತ್ತದೆ.

ಕವಾಟ ಕೆಡುವ ಎರಡು ಬಗೆ

ಕವಾಟ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಳ್ಳಬಹುದು, ಇಲ್ಲವೆ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಳ್ಳಬಹುದು. ಎರಡರ ಲಕ್ಷಣಗಳೂ ಬೇರೆ ಬೇರೆ.

ತೆರೆದೇ ಉಳಿದರೆ, ಬೇಡವಾದ ವೇಳೆಯಲ್ಲಿಯೂ ಆವಿ ಇಂಜಿನ್ನಿಗೆ ನುಗ್ಗುತ್ತದೆ. ಪೆಟ್ರೋಲು ತುಂಬಿಸಿಕೊಂಡ ತಕ್ಷಣ ಇಂಜಿನ್ ಬೇಗ ಹೊತ್ತಿಕೊಳ್ಳದಿರುವುದು, ಹೊತ್ತಿಕೊಂಡರೂ ತಡವರಿಸಿ ನಿಂತುಹೋಗುವುದು ಇದರ ಅತ್ಯಂತ ವಿಶಿಷ್ಟ ಲಕ್ಷಣ. ಟ್ಯಾಂಕು ತುಂಬುವಾಗ ಕ್ಯಾನಿಸ್ಟರಿನತ್ತ ತಳ್ಳಲ್ಪಟ್ಟ ಆವಿಯೆಲ್ಲ ಇಂಜಿನ್ನನ್ನು ಸೇರುವುದೇ ಇದಕ್ಕೆ ಕಾರಣ. ಆದರೆ ಇಂತಹ ಸಂದರ್ಭದಲ್ಲಿ ಮಾಲೀಕರು ಸಾಮಾನ್ಯವಾಗಿ ದೂರುವುದು ಪೆಟ್ರೋಲ್ ಬಂಕನ್ನು. ಕಲಬೆರಕೆಯ ಪೆಟ್ರೋಲೆಂದು ತಿಳಿದು ಟ್ಯಾಂಕನ್ನೇ ಬರಿದು ಮಾಡಿಸುವವರೂ ಉಂಟು. ನಿಂತಲ್ಲಿ ಓಡುವಾಗ ಇಂಜಿನ್ ಏರಿಳಿಯುವುದು, ಮೈಲೇಜು ಇಳಿಯುವುದು ಇದರ ಇತರ ಲಕ್ಷಣಗಳು.

ಮುಚ್ಚಿಯೇ ಉಳಿದರೆ, ವಾಹನ ಓಡಿಸುವವನಿಗೆ ಹೆಚ್ಚಿನ ವ್ಯತ್ಯಾಸವೇನೂ ತಿಳಿಯುವುದಿಲ್ಲ. ಇಂಜಿನ್ ಚೆನ್ನಾಗಿಯೇ ಓಡುತ್ತದೆ. ಆದರೆ ಇದ್ದಿಲಿನಲ್ಲಿ ಸೇರಿದ ಆವಿಗೆ ಹೊರಹೋಗುವ ದಾರಿಯಿಲ್ಲದೆ ಕ್ಯಾನಿಸ್ಟರ್ ತುಂಬಿಬಿಡುತ್ತದೆ. ಮುಂದೆ ಬರುವ ಆವಿಯೆಲ್ಲ ಅದರ ಗಾಳಿಕಿಂಡಿಯ ಮೂಲಕ ನೇರವಾಗಿ ಹೊರಗೆ ಸೇರುತ್ತದೆ. ನಿಂತ ವಾಹನದ ಸುತ್ತ ಪೆಟ್ರೋಲಿನ ವಾಸನೆ ಬರುವುದೇ ಇದರ ಮುಖ್ಯ ಗುರುತು. ಮಾಲೀಕನಿಗೆ ತೊಂದರೆ ಕೊಡದ ದೋಷ ನೆರೆಹೊರೆಯವರಿಗೆ ತೊಂದರೆ ಕೊಡುವುದು ಇಲ್ಲಿಯೇ. ಇಂತಹ ದೋಷವನ್ನು ಅಲಕ್ಷಿಸುವುದೂ ಸುಲಭ.

ಎರಡೂ ಬಗೆಗಳಲ್ಲಿ ಸಲಕರಣೆ ಫಲಕದ ಮೇಲಿನ ಇಂಜಿನ್ ಎಚ್ಚರಿಕೆ ದೀಪ ಹೊತ್ತಿಕೊಳ್ಳಬಹುದು. ಗ್ಯಾರೇಜಿನ ಸ್ಕ್ಯಾನರಿನಲ್ಲಿ ಪಿ 0441 ಎಂದು ಬಂದರೆ ಆವಿಯ ಹರಿವು ಸರಿಯಿಲ್ಲವೆಂದೂ, ಪಿ 0443 ಎಂದು ಬಂದರೆ ಪರ್ಜ್ ವಾಲ್ವಿನ ವಿದ್ಯುತ್ ಮಂಡಲದಲ್ಲಿ ದೋಷವಿದೆಯೆಂದೂ ಅರ್ಥ. ಈ ಸಂಖ್ಯೆಗಳು ದೋಷವಿರುವ ಜಾಗವನ್ನು ಸೂಚಿಸುತ್ತವೆಯೇ ಹೊರತು, ಕವಾಟವೇ ಕೆಟ್ಟಿದೆಯೆಂದು ನಿರ್ಣಯಿಸುವುದಿಲ್ಲ. ಮಂಡಲದಲ್ಲಿ ತಂತಿಯೂ ಇದೆ, ಫ್ಯೂಸೂ ಇದೆ. ಆದುದರಿಂದ ಪರೀಕ್ಷೆ ಅಗತ್ಯ.

ಬದಲಾಯಿಸುವ ಮೊದಲು ಪರೀಕ್ಷೆ

ಪರೀಕ್ಷೆಗೆ ಮೊದಲು ಕೆಲವು ಎಚ್ಚರಿಕೆಗಳನ್ನು ಪಾಲಿಸತಕ್ಕದ್ದು. ವಾಹನವನ್ನು ತೆರೆದ ಜಾಗದಲ್ಲಿ ನಿಲ್ಲಿಸಿ ಕೈಬ್ರೇಕ್ ಹಾಕಬೇಕು. ಸುತ್ತಮುತ್ತ ಬೀಡಿ, ಸಿಗರೇಟು, ಊದುಬತ್ತಿ, ಒಲೆ ಯಾವುದೂ ಇರಕೂಡದು. ಇಂಜಿನ್ ಓಡುತ್ತಿರುವಾಗ ಸೆರಗು, ದುಪ್ಪಟ್ಟ, ಸಡಿಲ ತೋಳು, ಬಿಚ್ಚಿದ ಕೂದಲು ಫ್ಯಾನು ಬೆಲ್ಟುಗಳ ಬಳಿ ಸುಳಿಯದಂತೆ ನೋಡಿಕೊಳ್ಳಬೇಕು.

ಮೊದಲು ಟ್ಯಾಂಕಿನ ಮುಚ್ಚಳ ಸರಿಯಾಗಿ ಬಿಗಿದಿದೆಯೇ, ಅದರ ರಬ್ಬರ್ ಬಳೆ ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ಅನಂತರ ಬಾನೆಟ್ ತೆರೆದು ಗಾಳಿಕೊಳವೆಯ ಸಮೀಪ ಎರಡು ನಳಿಕೆಗಳೂ ಒಂದು ವಿದ್ಯುತ್ ಪ್ಲಗ್ಗೂ ಕೂಡಿರುವ ಕವಾಟವನ್ನು ಗುರುತಿಸಬೇಕು. ಸ್ಥಳ ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ವಾಹನದ ಕೈಪಿಡಿಯನ್ನು ನೋಡುವುದು ಒಳ್ಳೆಯದು. ನಳಿಕೆಗಳು ಸೀಳಿದ್ದರೆ ಅಥವಾ ಕಳಚಿಕೊಂಡಿದ್ದರೆ ದೋಷ ಅಲ್ಲಿಯೇ ಇರಬಹುದು; ಕೆಲವೇ ರೂಪಾಯಿಗಳ ನಳಿಕೆಯಿಂದ ಮುಗಿಯುವ ಕೆಲಸಕ್ಕೆ ಹೊಸ ಕವಾಟ ಕೊಳ್ಳಬೇಕಾಗಿಲ್ಲ.

ಮುಚ್ಚಿಕೊಳ್ಳುವ ಪರೀಕ್ಷೆ: ಇಂಜಿನ್ ತಣ್ಣಗಿರುವಾಗ ಕವಾಟದ ವಿದ್ಯುತ್ ಪ್ಲಗ್ಗನ್ನು ಕಳಚಬೇಕು. ಕ್ಯಾನಿಸ್ಟರ್ ಕಡೆಯಿಂದ ಬರುವ ನಳಿಕೆಯನ್ನು ಕವಾಟದಿಂದ ಬಿಡಿಸಿ, ಅದರ ಬಾಯಿಯನ್ನು ಮುಚ್ಚಿಡಬೇಕು. ಇಂಜಿನ್ ಚಾಲೂ ಮಾಡಿ, ಕವಾಟದ ಬರಿದಾದ ತುದಿಗೆ ಬೆರಳನ್ನು ಒತ್ತಿಹಿಡಿಯಬೇಕು. ವಿದ್ಯುತ್ತಿಲ್ಲದಾಗ ಕವಾಟ ಮುಚ್ಚಿರಬೇಕಾದುದರಿಂದ ಬೆರಳಿಗೆ ಯಾವ ಸೆಳೆತವೂ ತಿಳಿಯಬಾರದು. ಸೆಳೆತವಿದ್ದರೆ, ಬೆರಳಿಟ್ಟಾಗ ಇಂಜಿನ್ನಿನ ಸದ್ದು ಬದಲಾದರೆ, ಕವಾಟ ತೆರೆದೇ ಉಳಿದಿದೆಯೆಂದು ನಿಶ್ಚಯಿಸಬಹುದು. ಪ್ಲಗ್ ಕಳಚಿ ಓಡಿಸಿದ ಕಾರಣ ಎಚ್ಚರಿಕೆ ದೀಪ ಹೊತ್ತಿಕೊಂಡರೆ ಗಾಬರಿಪಡಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಸ್ಕ್ಯಾನರಿನಿಂದ ಅದನ್ನು ಅಳಿಸಬಹುದು.

ತೆರೆದುಕೊಳ್ಳುವ ಪರೀಕ್ಷೆ: ಇದನ್ನು ಕವಾಟವನ್ನು ವಾಹನದಿಂದ ಹೊರತೆಗೆದು, ಪೆಟ್ರೋಲಿನ ವಾಸನೆಯಿಂದ ದೂರದಲ್ಲಿ, ಬಲ್ಲವರಿಂದ ಮಾಡಿಸುವುದು ಸೂಕ್ತ. ಸುರುಳಿಗೆ 12 ವೋಲ್ಟ್ ವಿದ್ಯುತ್ತು ಕೊಟ್ಟಾಗ ಟಿಕ್ ಎಂಬ ಶಬ್ದ ಕೇಳಿಸಬೇಕು, ಗಾಳಿ ಸರಾಗವಾಗಿ ಹಾಯಬೇಕು. ವಿದ್ಯುತ್ತು ತೆಗೆದೊಡನೆ ಗಾಳಿ ನಿಲ್ಲಬೇಕು. ಮೀಟರಿನಿಂದ ಸುರುಳಿಯ ರೋಧವನ್ನು ಅಳೆದು, ತಯಾರಕರು ಕೊಟ್ಟಿರುವ ಅಂಕಿಯೊಡನೆ ಹೋಲಿಸಬೇಕು. ರೋಧ ಅಳತೆಗೇ ಸಿಗದಷ್ಟು ಹೆಚ್ಚಾಗಿದ್ದರೆ ಸುರುಳಿಯ ತಂತಿ ತುಂಡಾಗಿದೆಯೆಂದು ತಿಳಿಯಬೇಕು.

ಬದಲಾಯಿಸುವ ಕ್ರಮ

1. ಇಂಜಿನ್ ಸಂಪೂರ್ಣವಾಗಿ ತಣಿದ ಮೇಲೆ ಬ್ಯಾಟರಿಯ ಋಣ ತುದಿಯ ತಂತಿಯನ್ನು ಕಳಚಬೇಕು.

2. ಯಾವ ನಳಿಕೆ ಯಾವ ತುದಿಗೆ ಸೇರಿದೆಯೆಂಬುದನ್ನು ಬರೆದಿಟ್ಟುಕೊಳ್ಳಬೇಕು ಅಥವಾ ಚಿತ್ರ ತೆಗೆದುಕೊಳ್ಳಬೇಕು.

3. ವಿದ್ಯುತ್ ಪ್ಲಗ್ಗಿನ ಕೊಂಡಿಯನ್ನು ಒತ್ತಿಹಿಡಿದು ಪ್ಲಗ್ಗನ್ನು ಹೊರತೆಗೆಯಬೇಕು. ತಂತಿಯನ್ನು ಹಿಡಿದು ಜಗ್ಗಕೂಡದು.

4. ಕ್ಲಿಪ್ಪುಗಳನ್ನು ಹಿಂದೆ ಸರಿಸಿ, ನಳಿಕೆಗಳನ್ನು ಮೆಲ್ಲನೆ ತಿರುಚಿ ಬಿಡಿಸಬೇಕು. ಹಳೆಯ ನಳಿಕೆ ಗಟ್ಟಿಯಾಗಿದ್ದರೆ ಬಲವಂತದಿಂದ ಎಳೆದಾಗ ಪ್ಲಾಸ್ಟಿಕ್ ತುದಿ ಮುರಿಯುವ ಸಂಭವವಿದೆ.

5. ಕವಾಟವನ್ನು ಅದರ ಹಿಡಿಕೆಯಿಂದ ಕಳಚಿ, ಬಿಳಿಯ ಕಾಗದದ ಮೇಲೆ ಮೆಲ್ಲನೆ ತಟ್ಟಬೇಕು. ಈ ಹಂತವನ್ನು ಎಂದಿಗೂ ಬಿಡಕೂಡದು. ಕಾಗದದ ಮೇಲೆ ಕಪ್ಪು ಹರಳು ಅಥವಾ ಪುಡಿ ಬಿದ್ದರೆ ಕ್ಯಾನಿಸ್ಟರಿನೊಳಗಿನ ಇದ್ದಿಲು ಪುಡಿಯಾಗಿದೆಯೆಂದು ಅರ್ಥ. ಹಾಗಿದ್ದಲ್ಲಿ ಕವಾಟವನ್ನಷ್ಟೇ ಬದಲಾಯಿಸಿದರೆ ಹೊಸದೂ ಅದೇ ಪುಡಿಯಿಂದ ಬೇಗನೆ ಸಿಕ್ಕಿಕೊಳ್ಳುತ್ತದೆ. ನಳಿಕೆಗಳನ್ನು ಶುಚಿಗೊಳಿಸಿ ಕ್ಯಾನಿಸ್ಟರನ್ನೂ ಬದಲಾಯಿಸಬೇಕಾಗುತ್ತದೆ.

6. ಹೊಸ ಕವಾಟದ ಬಿಡಿಭಾಗ ಸಂಖ್ಯೆ ವಾಹನದ ಮಾದರಿಗೆ ಹೊಂದುತ್ತದೆಯೇ ಎಂದು ನೋಡಬೇಕು. ಅದರ ಮೈಮೇಲೆ ಬಾಣದ ಗುರುತಿದ್ದರೆ ಅದು ಆವಿ ಹರಿಯುವ ದಿಕ್ಕನ್ನು, ಎಂದರೆ ಕ್ಯಾನಿಸ್ಟರಿನಿಂದ ಇಂಜಿನ್ನಿನತ್ತ, ತೋರಿಸುತ್ತದೆ.

7. ನಳಿಕೆಗಳನ್ನು ಪೂರ್ತಿಯಾಗಿ ಒಳಸೇರಿಸಿ ಕ್ಲಿಪ್ ಹಾಕಬೇಕು. ಪ್ಲಗ್ ಟಿಕ್ ಎಂದು ಕೂರಬೇಕು. ಕೊನೆಯಲ್ಲಿ ಬ್ಯಾಟರಿಯ ತಂತಿಯನ್ನು ಜೋಡಿಸಬೇಕು.

8. ಸ್ಕ್ಯಾನರಿನಿಂದ ದೋಷ ಸಂಖ್ಯೆಯನ್ನು ಅಳಿಸಿ, ಇಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಿ ನೋಡಬೇಕು. ದೀಪ ಮರಳಿ ಹೊತ್ತಿಕೊಳ್ಳದೆ, ಮುಂದಿನ ಸಲ ಪೆಟ್ರೋಲು ತುಂಬಿಸಿದಾಗಲೂ ಇಂಜಿನ್ ಸಲೀಸಾಗಿ ಹೊತ್ತಿಕೊಂಡರೆ ಕೆಲಸ ಸರಿಯಾಗಿದೆಯೆಂದು ತಿಳಿಯಬಹುದು.

ವಾಹನ ವಾರಂಟಿ ಅವಧಿಯಲ್ಲಿದ್ದರೆ ಇದಾವುದನ್ನೂ ತಾವೇ ಮಾಡದೆ ಅಧಿಕೃತ ಸೇವಾ ಕೇಂದ್ರಕ್ಕೆ ಒಪ್ಪಿಸುವುದು ವಿಹಿತ. ಟರ್ಬೋ ಇಂಜಿನ್‌ಗಳಲ್ಲಿ ಈ ವ್ಯವಸ್ಥೆ ಇನ್ನಷ್ಟು ಜಟಿಲವಾಗಿರುವುದರಿಂದ ಅಲ್ಲಿಯೂ ತಜ್ಞರ ನೆರವು ಬೇಕು. ಗ್ಯಾರೇಜಿನಲ್ಲಿ ಕೆಲಸ ಮಾಡಿಸುವವರೂ ಮೇಲಿನ ಪರೀಕ್ಷೆಗಳನ್ನು ತಮ್ಮೆದುರಿನಲ್ಲಿ ಮಾಡುವಂತೆ ಕೇಳಬಹುದು. ತೆಗೆದ ಹಳೆಯ ಕವಾಟವನ್ನು ತೋರಿಸಲು ಹೇಳಬಹುದು.

ಕೆಡದಂತೆ ಕಾಯುವುದು

ಈ ವ್ಯವಸ್ಥೆ ಅಕಾಲದಲ್ಲಿ ಕೆಡಲು ನಮ್ಮದೇ ಒಂದು ಅಭ್ಯಾಸ ಕಾರಣವಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕು ತುಂಬಿ ನಳಿಕೆ ತಾನಾಗಿಯೇ ನಿಂತ ಮೇಲೂ, ಲೆಕ್ಕ ಸರಿಹೊಂದಲೆಂದು ಇನ್ನೂ ನಾಲ್ಕಾರು ಸಲ ಒತ್ತಿ ಕುತ್ತಿಗೆಯವರೆಗೆ ತುಂಬಿಸುವುದನ್ನು ನಾವು ದಿನನಿತ್ಯ ಕಾಣುತ್ತೇವೆ. 1,940 ರೂಪಾಯಿ ಎಂದು ತೋರಿಸಿದ್ದನ್ನು 2,000 ಮಾಡುವ ಆತುರ ಅದು. ಟ್ಯಾಂಕಿನ ಮೇಲ್ಭಾಗದಲ್ಲಿ ಆವಿಗೆಂದು ಬಿಟ್ಟ ಜಾಗವನ್ನು ಹೀಗೆ ಪೆಟ್ರೋಲು ಆಕ್ರಮಿಸಿದಾಗ, ಆವಿಯ ಬದಲು ದ್ರವವೇ ಕ್ಯಾನಿಸ್ಟರನ್ನು ಸೇರುತ್ತದೆ. ಆವಿಯನ್ನು ಹಿಡಿಯಲೆಂದು ಇರುವ ಇದ್ದಿಲು ದ್ರವದಲ್ಲಿ ನೆನೆದು ಹಾಳಾಗುತ್ತದೆ. ಕವಾಟವೂ ಅದರ ಹಿಂದೆಯೇ ಹೋಗುತ್ತದೆ. ಆದುದರಿಂದ ನಳಿಕೆ ಮೊದಲ ಸಲ ನಿಂತೊಡನೆ ಸಾಕೆನ್ನುವುದು ಜಾಣತನ. ಚಿಲ್ಲರೆಯ ತೊಂದರೆಯಿದ್ದವರು ಟ್ಯಾಂಕು ತುಂಬಿಸುವ ಬದಲು ನಿಗದಿತ ಮೊತ್ತಕ್ಕೆ ಹಾಕಿಸಿಕೊಳ್ಳಬಹುದು. ಸ್ಕೂಟರ್, ಮೋಟಾರ್ ಸೈಕಲ್ ಸವಾರರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಪ್ರಮಾಣಪತ್ರಕ್ಕೆ ಮೀರಿದ ಹೊಣೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದಂತೆ ಪ್ರತಿಯೊಂದು ವಾಹನಕ್ಕೂ ನೋಂದಣಿಯಾದ ಒಂದು ವರ್ಷದ ತರುವಾಯ ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ ಇರಬೇಕು. ಪಿಯುಸಿ ಎಂದು ಪ್ರಸಿದ್ಧವಾಗಿರುವ ಈ ಪರೀಕ್ಷೆಯಲ್ಲಿ ಸಲಾಕೆಯನ್ನು ಹೊಗೆಕೊಳವೆಯೊಳಗೆ ಇಟ್ಟು, ಅಲ್ಲಿಂದ ಹೊರಬರುವ ಅನಿಲವನ್ನು ಅಳೆಯುತ್ತಾರೆ. ಟ್ಯಾಂಕಿನ ಕಡೆಯಿಂದ ಸೋರುವ ಆವಿಯನ್ನು ಆ ಸಲಾಕೆ ಕಾಣಲಾರದು. ಪರ್ಜ್ ವಾಲ್ವ್ ಮುಚ್ಚಿಯೇ ಸಿಕ್ಕಿಕೊಂಡಿರುವ ವಾಹನ ಪರೀಕ್ಷೆಯಲ್ಲಿ ನಿರಾಯಾಸವಾಗಿ ತೇರ್ಗಡೆಯಾಗಿ, ಮನೆಯ ಮುಂದೆ ನಿಂತು ಆವಿ ಬಿಡುತ್ತಿರಬಹುದು.

ಹೀಗಿರುವಲ್ಲಿ ಈ ದೋಷವನ್ನು ಪತ್ತೆಹಚ್ಚುವ ಹೊಣೆ ಬಹುಮಟ್ಟಿಗೆ ಮಾಲೀಕನ ಮೂಗಿನ ಮೇಲೂ ಮನಸ್ಸಿನ ಮೇಲೂ ನಿಂತಿದೆ. ಎಚ್ಚರಿಕೆ ದೀಪ ಹೊತ್ತಿಕೊಂಡಾಗ ಅದನ್ನು ಅಳಿಸಿ ಮುಂದೆ ಸಾಗುವವರಿದ್ದಾರೆ. ಕವಾಟದ ನಳಿಕೆಗೆ ಬಿರಡೆ ಜಡಿದು ವ್ಯವಸ್ಥೆಯನ್ನೇ ನಿಲ್ಲಿಸಿ, ಇಂಜಿನ್ ಈಗ ಚೆನ್ನಾಗಿ ಓಡುತ್ತಿದೆಯೆಂದು ಸಮಾಧಾನಪಡುವವರೂ ಇದ್ದಾರೆ. ಹಾಗೆ ಮಾಡಿದಾಗ ಉಳಿಯುವುದು ಒಂದು ಸಣ್ಣ ಬಿಡಿಭಾಗದ ಬೆಲೆ. ಅದರ ವೆಚ್ಚವನ್ನು ತೆರುವವರು, ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ದಿನವಿಡೀ ಕುಳಿತಿರುವ ಕಾವಲುಗಾರ, ನಿಂತ ವಾಹನಗಳ ನಡುವೆ ಆಡುವ ಮಕ್ಕಳು, ಮತ್ತು ಉಬ್ಬಸದಿಂದ ನರಳುವ ಹಿರಿಯರು.

ಮುಂದಿನ ಸಲ ವಾಹನವನ್ನು ಸೇವೆಗೆ ಬಿಡುವಾಗ ಎಣ್ಣೆ, ಬ್ರೇಕು, ಟೈರುಗಳ ಜೊತೆಗೆ ಪರ್ಜ್ ವಾಲ್ವನ್ನೂ ಕ್ಯಾನಿಸ್ಟರನ್ನೂ ಪರೀಕ್ಷಿಸುವಂತೆ ಚೀಟಿಯಲ್ಲಿ ಬರೆಸುವುದು ಪ್ರತಿಯೊಬ್ಬ ಮಾಲೀಕನಿಗೂ ಸಾಧ್ಯವಾದ ಕೆಲಸ. ಬೆಳಿಗ್ಗೆ ವಾಹನದ ಬಳಿ ಹೋದಾಗ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ, ಅದನ್ನು ವಾಹನದ ಸಹಜ ವಾಸನೆಯೆಂದು ತಿಳಿಯದೆ ಅಂದೇ ಕಾರಣವನ್ನು ಹುಡುಕತಕ್ಕದ್ದು. ಸುಸ್ಥಿತಿಯಲ್ಲಿರುವ ವಾಹನ ನಿಂತಾಗ ಯಾವ ವಾಸನೆಯನ್ನೂ ಬೀರುವುದಿಲ್ಲ.